ಸ್ಪ್ರಿಂಗ್, 1971: ಮೂವರು ಮೆಲೋಟ್ರಾನ್ ನುಡಿಸಿದ ಎಲ್‌ಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಬಂದವರು ರೆಕಾರ್ಡ್ ಕಪಾಟಿನ ಮುಂದೆ ನಿಂತರೆ ಹೆಚ್ಚುಕಮ್ಮಿ ಇದೊಂದನ್ನೇ ಎಳೆದು ನೋಡುತ್ತಾರೆ. ಕವರ್ ಹಾಗಿದೆ. ಆಮೇಲೆ ಪ್ರಶ್ನೆಗಳು ಶುರು. ಹತ್ತು ಜನಕ್ಕೆ ಹತ್ತು ಸಲ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿದ್ದೇನೆ. ಸಂಗೀತದ ಬಗ್ಗೆ ಮಾತ್ರ ಬೇಕಾದವರು ಬೆಲೆ ಗಿಲೆ ಬಿಟ್ಟು ಓದಿ. ಕೊಳ್ಳಬೇಕು ಅಂತ ಇರುವವರು ದಯವಿಟ್ಟು ಪೂರ್ತಿ ಓದಿ.

ಯಾವ ಆಲ್ಬಂ ಇದು? ಹೆಸರೇ ಕೇಳಿಲ್ಲವಲ್ಲ.

ಕೇಳಿಲ್ಲದಿದ್ದರೆ ಆಶ್ಚರ್ಯವೇನಿಲ್ಲ. ಇಂಗ್ಲೆಂಡಿನ ಲೆಸ್ಟರ್ ಊರಿನ ಸ್ಪ್ರಿಂಗ್ ಅನ್ನೋ ತಂಡ 1971ರಲ್ಲಿ ತಂದ ಎಲ್‌ಪಿ. ಆಲ್ಬಂ ಹೆಸರೂ ‘ಸ್ಪ್ರಿಂಗ್’. ಎಂಟು ಹಾಡು, ಒಟ್ಟು ಸುಮಾರು 40 ನಿಮಿಷ. ತಂಡ ಇದ್ದಷ್ಟು ದಿನ ಹೊರಗೆ ಬಂದ ಆಲ್ಬಂ ಇದೊಂದೇ. ಆರ್‌ಸಿಎ ಕಂಪನಿ ಆಗ ಪ್ರೋಗ್ರೆಸಿವ್ ರಾಕ್, ಜಾಝ್ ಥರದ ಸಂಗೀತಕ್ಕೆ ಅಂತಲೇ ನಿಯಾನ್ ಅನ್ನೋ ಲೇಬಲ್ (ಕಂಪನಿಯೊಳಗಿನ ಬೇರೆ ಬ್ರ್ಯಾಂಡ್) ತೆಗೆದಿತ್ತು. ಆ ಲೇಬಲ್ಲಿನಲ್ಲಿ ಬಂದದ್ದು ಬರೀ 11 ಎಲ್‌ಪಿ, ಅದರಲ್ಲಿ ಇದು ಆರನೆಯದು. ಕ್ಯಾಟಲಾಗ್ ನಂಬರ್ ಎನ್‌ಇ 6. ಈ ನಂಬರ್ ನೆನಪಿಟ್ಟುಕೊಳ್ಳಿ, ಕೊಳ್ಳುವಾಗ ಬೇಕಾಗುತ್ತದೆ.

ಪ್ರೋಗ್ರೆಸಿವ್ ರಾಕ್, ಅಂದರೆ ಪ್ರೋಗ್ ಅಂದರೆ ಆ ಇಪ್ಪತ್ತು ನಿಮಿಷದ ಹಾಡು, ಕೀಬೋರ್ಡ್ ಸರ್ಕಸ್ಸು, ಅದೇ ತಾನೇ?

ಅದೂ ಇದೆ. ಆದರೆ ಇದು ಆ ಜಾತಿಯಲ್ಲ. ಇಲ್ಲಿ ಏಳು ನಿಮಿಷ ದಾಟಿದ ಹಾಡು ಒಂದೂ ಇಲ್ಲ, ಎರಡು ಹಾಡು ಮೂರು ನಿಮಿಷಕ್ಕಿಂತ ಚಿಕ್ಕವು. ನನ್ನ ಕೈಲಿ ಎಷ್ಟು ವೇಗ ಇದೆ ನೋಡಿ ಅಂತ ತೋರಿಸಿಕೊಳ್ಳುವವರು ಯಾರೂ ಇಲ್ಲ. ಮೊದಲು ಹಾಡು, ಆಮೇಲೆ ಅದಕ್ಕೆ ಬೇಕಾದಷ್ಟು ವಾದ್ಯ. ಪ್ರೋಗ್ ಅಂದರೆ ಮೂಗು ಮುರಿಯೋ ನನ್ನ ಸ್ನೇಹಿತನೊಬ್ಬ ಇದನ್ನು ಮಾತ್ರ ಎರಡು ಸಲ ಹಾಕಿಸಿಕೊಂಡು ಕೇಳಿದ್ದಾನೆ.

ತಂಡದಲ್ಲಿ ಯಾರ್‍ಯಾರಿದ್ದರು?

ಐದು ಜನ. ಪ್ಯಾಟ್ ಮೊರಾನ್ ಹಾಡುಗಾರ. ರೇ ಮಾರ್ಟಿನೆಜ್ ಗಿಟಾರ್. ಕಿಪ್ಸ್ ಬ್ರೌನ್ ಪಿಯಾನೋ ಮತ್ತು ಆರ್ಗನ್. ಏಡ್ರಿಯನ್ ಮಲೋನಿ ಬೇಸ್. ಪಿಕ್ ವಿದರ್ಸ್ ಡ್ರಮ್ಸ್. ಇದರಲ್ಲಿ ಮೊದಲ ಮೂವರೂ ತಮ್ಮ ಕೆಲಸದ ಜೊತೆಗೆ ಮೆಲೋಟ್ರಾನ್ (ಟೇಪಿನಿಂದ ಸದ್ದು ಬರೋ ಕೀಬೋರ್ಡ್, ಮುಂದೆ ವಿವರವಾಗಿ ಹೇಳುತ್ತೇನೆ) ಕೂಡ ನುಡಿಸುತ್ತಾರೆ. ರೆಕಾರ್ಡ್ ಸಂಗ್ರಹಿಸುವವರ ನಡುವೆ ಈ ಆಲ್ಬಂ ಹೆಸರು ಉಳಿದಿರೋದೇ ಆ ಕಾರಣಕ್ಕೆ. ಆ ಕಾಲದಲ್ಲಿ ಒಂದು ತಂಡದಲ್ಲಿ ಒಬ್ಬ ಮೆಲೋಟ್ರಾನ್ ಬಾರಿಸಿದರೇ ದೊಡ್ಡ ಮಾತು. ಇಲ್ಲಿ ಮೂವರು.

ವ್ಯಾನ್ ಕೆಟ್ಟು ನಿಂತ ಕಥೆ ಏನದು?

ಇವರ ಬಗ್ಗೆ ಎಲ್ಲರೂ ಹೇಳುವ ಕಥೆ ಇದು. ವೇಲ್ಸ್ ಕಡೆ ಕಾರ್ಯಕ್ರಮ ಕೊಡೋಕೆ ಹೋಗಿದ್ದಾಗ ಇವರ ವ್ಯಾನ್ ದಾರಿಯಲ್ಲಿ ಕೈ ಕೊಟ್ಟಿತು. ಸಹಾಯಕ್ಕೆ ನಿಂತವರು ಕಿಂಗ್ಸ್‌ಲಿ ವಾರ್ಡ್. ಮಾತಿಗೆ ಮಾತು ಬೆಳೆದು ಗೊತ್ತಾಗಿದ್ದು, ಆತ ರಾಕ್‌ಫೀಲ್ಡ್ ಸ್ಟುಡಿಯೋ ಮಾಲೀಕ. ಬನ್ನಿ, ಒಂದು ಸಲ ನುಡಿಸಿ ತೋರಿಸಿ ಅಂದರು. ಅಲ್ಲಿಂದ ರೆಕಾರ್ಡಿಂಗ್‌ವರೆಗೆ ದಾರಿ ಆಯಿತು.

ರಾಕ್‌ಫೀಲ್ಡ್ ಬಗ್ಗೆ ಎರಡು ಮಾತು. ಮೊನ್ಮತ್ ಅನ್ನೋ ಊರಿನ ಪಕ್ಕದ ಹಳ್ಳಿ. ಚಾರ್ಲ್ಸ್ ಮತ್ತು ಕಿಂಗ್ಸ್‌ಲಿ ವಾರ್ಡ್ ಅಣ್ಣತಮ್ಮಂದಿರದ್ದು ಹೈನಿನ ಕುಟುಂಬ, ದನದ ಕೊಟ್ಟಿಗೆ ಇದ್ದ ಜಮೀನಿನಲ್ಲೇ ಸ್ಟುಡಿಯೋ ಕಟ್ಟಿಕೊಂಡರು. ಬಂದ ತಂಡ ಅಲ್ಲೇ ಉಳಿದು, ಅಲ್ಲೇ ಉಂಡು, ಅಲ್ಲೇ ರೆಕಾರ್ಡ್ ಮಾಡಬಹುದಾಗಿತ್ತು. ಊಟ ವಸತಿ ಸಮೇತ ಇರೋ ಸ್ಟುಡಿಯೋ ಅಂತ ಜಗತ್ತಿನಲ್ಲಿ ಮೊದಲು ಹೆಸರು ಮಾಡಿದ್ದು ಇದೇ. ಮುಂದೆ 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸೊಡಿ’ಯ ಕೆಲಸ ಆಗಿದ್ದೂ ಇಲ್ಲೇ. ಸ್ಪ್ರಿಂಗ್ ಬಂದಾಗ ಇದಿನ್ನೂ ಅಷ್ಟು ದೊಡ್ಡ ಹೆಸರಲ್ಲ.

ಪ್ರೊಡ್ಯೂಸರ್ ಮಾತ್ರ ಸಣ್ಣವರಲ್ಲ. ಗಸ್ ಡಡ್ಜನ್. ಆ ಹೊತ್ತಿಗೆ ಎಲ್ಟನ್ ಜಾನ್ ರೆಕಾರ್ಡುಗಳನ್ನು ಮಾಡುತ್ತಿದ್ದವರು. 1969ರಲ್ಲಿ ಡೇವಿಡ್ ಬೋವಿಯ ‘ಸ್ಪೇಸ್ ಆಡಿಟಿ’ ಮಾಡಿದ್ದೂ ಇವರೇ, ಆ ಹಾಡಿನಲ್ಲಿ ರಿಕ್ ವೇಕ್‌ಮನ್ ನುಡಿಸಿದ ಮೆಲೋಟ್ರಾನ್ ಇದೆ. ಅಂದರೆ ಈ ವಾದ್ಯವನ್ನು ಹೇಗೆ ಹಿಡಿಯಬೇಕು ಅಂತ ಗೊತ್ತಿದ್ದ ಮನುಷ್ಯನ ಕೈಗೇ ಇವರು ಸಿಕ್ಕಿದ್ದು.

ಸರಿ, ಈ ಮೆಲೋಟ್ರಾನ್ ಅಂದರೆ ಏನು? ಸಿಂಥಸೈಜರ್ ಥರಾನಾ?

ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದು ಅರ್ಥವಾದರೆ ಆಲ್ಬಂ ಅರ್ಧ ಅರ್ಥವಾದ ಹಾಗೆ.

ಮನೆಯಲ್ಲಿ ಹಳೇ ಕ್ಯಾಸೆಟ್ ಟೇಪ್ ರೆಕಾರ್ಡರ್ ಇದ್ದದ್ದು ನೆನಪಿದೆಯಾ? ಪ್ಲೇ ಬಟನ್ ಒತ್ತಿದರೆ ಟೇಪು ಹೆಡ್ಡಿಗೆ ತಾಗಿ ಓಡುತ್ತದೆ, ಸದ್ದು ಬರುತ್ತದೆ. ಈಗ ಹಾರ್ಮೋನಿಯಂ ಥರದ ಒಂದು ಪೆಟ್ಟಿಗೆ ಊಹಿಸಿಕೊಳ್ಳಿ. ಒಂದೊಂದು ಮನೆಯ (ಕೀ) ಕೆಳಗೂ ಒಂದೊಂದು ಟೇಪಿನ ಪಟ್ಟಿ, ಒಂದೊಂದು ಹೆಡ್ಡು. ಒಂದು ಮನೆ ಒತ್ತಿದರೆ ಆ ಸ್ವರವನ್ನು ಯಾರೋ ನಿಜವಾದ ಪಿಟೀಲಿನಲ್ಲಿ ಎಂದೋ ನುಡಿಸಿ ರೆಕಾರ್ಡ್ ಮಾಡಿದ ಟೇಪು ಓಡುತ್ತದೆ. ಪಕ್ಕದ ಮನೆ ಒತ್ತಿದರೆ ಪಕ್ಕದ ಸ್ವರದ ಟೇಪು. ಅಷ್ಟೇ. ಒಳಗೆ ಕೃತಕವಾಗಿ ಹುಟ್ಟುವ ಸದ್ದು ಅಂತ ಏನೂ ಇಲ್ಲ, ಎಲ್ಲವೂ ಮನುಷ್ಯರು ನುಡಿಸಿದ್ದೇ.

1970ರಲ್ಲಿ ಬಂದ ಎಂ400 ಅನ್ನೋ ಮಾದರಿಯಲ್ಲಿ 35 ಮನೆ, 35 ಟೇಪು. ಒಂದು ಟೇಪಿನ ಅಗಲದಲ್ಲಿ ಮೂರು ಸದ್ದು ಪಕ್ಕಪಕ್ಕ ಇರುತ್ತವೆ, ಸಾಮಾನ್ಯವಾಗಿ ಪಿಟೀಲು, ಕೊಳಲು, ಚೆಲ್ಲೋ. ಗುಂಡಿ ತಿರುಗಿಸಿ ಒಂದನ್ನು ಆರಿಸಿಕೊಳ್ಳಬೇಕು. ಟೇಪು ಸುತ್ತಿನ ಥರ ಇಲ್ಲ, ಬರೀ ಒಂದು ತುಂಡು. ಸುಮಾರು ಎಂಟು ಸೆಕೆಂಡ್ ಓಡಿ ಮುಗಿದುಹೋಗುತ್ತದೆ. ಹಾರ್ಮೋನಿಯಂನಲ್ಲಿ ತಿದಿ ಒತ್ತುತ್ತಾ ಇದ್ದರೆ ಷಡ್ಜ ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು. ಇಲ್ಲಿ ಎಂಟು ಸೆಕೆಂಡ್ ಆದಮೇಲೆ ಬೆರಳು ಅಲ್ಲೇ ಇದ್ದರೂ ಸದ್ದು ನಿಲ್ಲುತ್ತದೆ. ಬೆರಳು ಎತ್ತಿದರೆ ಒಳಗಿರುವ ಸ್ಪ್ರಿಂಗ್ ಟೇಪನ್ನು ಸರಕ್ಕನೆ ಹಿಂದಕ್ಕೆ ಎಳೆಯುತ್ತದೆ. (ಹೌದು, ಸ್ಪ್ರಿಂಗ್. ತಂಡದ ಹೆಸರಿಗೂ ಅದಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಆದರೆ ಪ್ರತಿ ಸಲ ನಗು ಬರುತ್ತದೆ.)

ಅದಕ್ಕೇ ಮೆಲೋಟ್ರಾನ್ ನುಡಿಸುವವರ ಬೆರಳು ಒಂದು ಕಡೆ ನಿಲ್ಲುವುದಿಲ್ಲ. ಸ್ವರ ಸಾಯುವ ಮುಂಚೆ ಇನ್ನೊಂದು ಸ್ವರಕ್ಕೆ ಜಾರಬೇಕು. ಜೊತೆಗೆ ಎಲ್ಲಾ ಟೇಪುಗಳನ್ನು ಎಳೆಯೋದು ಒಂದೇ ಮೋಟಾರ್. ಒಟ್ಟಿಗೆ ಜಾಸ್ತಿ ಮನೆ ಒತ್ತಿದರೆ ಮೋಟಾರ್ ಸ್ವಲ್ಪ ಏದುಸಿರು ಬಿಡುತ್ತದೆ, ಶ್ರುತಿ ಒಂದು ಕೂದಲೆಳೆ ಕೆಳಗಿಳಿಯುತ್ತದೆ. ಆ ನಡುಕ, ಆ ಇಳಿಜಾರು, ಅದೇ ಇದರ ಚೆಲುವು. ನಿಜವಾದ ಪಿಟೀಲು ತಂಡದ ಥರ ಕೇಳಿಸೋದಿಲ್ಲ. ಪಿಟೀಲು ತಂಡವೊಂದು ಮಳೆಯಲ್ಲಿ ನೆನೆದು, ಪಕ್ಕದ ಬೀದಿಯಲ್ಲಿ ನಿಂತು ನುಡಿಸುತ್ತಿರುವ ಹಾಗೆ ಕೇಳಿಸುತ್ತದೆ.

ಇದರ ಮೂಲ ಅಮೆರಿಕದ ಹ್ಯಾರಿ ಚೇಂಬರ್ಲಿನ್ ಮಾಡಿದ ಯಂತ್ರ. ಅದು ಇಂಗ್ಲೆಂಡಿಗೆ ಬಂದು, ಬರ್ಮಿಂಗ್‌ಹ್ಯಾಮ್ ಕಡೆಯ ಬ್ರ್ಯಾಡ್ಲಿ ಸೋದರರ ಕೈಯಲ್ಲಿ 1960ರ ದಶಕದ ಶುರುವಿನಲ್ಲಿ ಮೆಲೋಟ್ರಾನ್ ಆಯಿತು. ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಶುರುವಿನಲ್ಲಿ ಬರೋ ಕೊಳಲು ಎಲ್ಲರೂ ಕೇಳಿರ್ತೀರಿ, ಅದು ಕೊಳಲಲ್ಲ, ಇದೇ ಯಂತ್ರ.

ಹಾಗಾದರೆ ಮೂರು ಮೆಲೋಟ್ರಾನ್ ಇಡೀ ಆಲ್ಬಂ ತುಂಬಾ ಒಟ್ಟಿಗೆ ಮೊಳಗುತ್ತವಾ?

ಹಾಗೆ ಅಂದುಕೊಂಡು ಕೇಳಿದವರಿಗೆ ನಿರಾಸೆ ಆಗಿದೆ. ಮೂವರು ನುಡಿಸಬಲ್ಲವರು ಇದ್ದಾರೆ ಅಂತ ಅರ್ಥ, ಸದಾ ಮೂವರೂ ಮುಗಿಬಿದ್ದಿದ್ದಾರೆ ಅಂತಲ್ಲ. ಆರ್ಗನ್ ಇದೆ, ಪಿಯಾನೋ ಇದೆ, ಗಿಟಾರ್ ಸಾಕಷ್ಟಿದೆ. ಮೆಲೋಟ್ರಾನ್ ಇಲ್ಲಿ ಸಾರಿನೊಳಗಿನ ಬೇಳೆ ಥರ. ಕಣ್ಣಿಗೆ ಬೀಳದ ಕಡೆಯೂ ಅದರ ಮಂದ ಇದೆ.

ಹಾಡುಗಳ ಬಗ್ಗೆ ಹೇಳಿ.

ಶುರುವೇ ‘ದಿ ಪ್ರಿಸನರ್’. ಬ್ರ್ಯಾಕೆಟ್ಟಿನಲ್ಲಿ ‘ಎಯ್ಟ್ ಬೈ ಟೆನ್’ ಅಂತ ಇದೆ, ಎಂಟಕ್ಕೆ ಹತ್ತು. ಜೈಲು ಕೋಣೆಯ ಅಳತೆ ಅಂತ ನಾನು ಓದಿಕೊಳ್ಳುತ್ತೇನೆ. ಮೆಲೋಟ್ರಾನ್ ಪಿಟೀಲುಗಳು ಮೊದಲ ನಿಮಿಷದಲ್ಲೇ ಬಂದು ಕೂರುತ್ತವೆ, ಅದರ ಮೇಲೆ ಮೊರಾನ್ ದನಿ. ಈ ದನಿ ಬಗ್ಗೆ ಜಗಳ ಇದೆ. ಕೆಲವರಿಗೆ ತೆಳು ಅನಿಸುತ್ತದೆ. ನನಗೆ ಅದರಲ್ಲಿ ಒಂದು ಹಿಂಜರಿಕೆ ಕೇಳಿಸುತ್ತದೆ, ಹಾಡು ಹೇಳುವವನಿಗೇ ಪೂರ್ತಿ ಧೈರ್ಯ ಇಲ್ಲದ ಹಾಗೆ, ಮತ್ತು ಜೈಲಿನಲ್ಲಿ ಕೂತವನ ಹಾಡಿಗೆ ಅದಕ್ಕಿಂತ ಸರಿಯಾದ ದನಿ ಬೇರೆ ಯಾವುದಿದೆ ಅಂತ ಅನಿಸುತ್ತದೆ.

ಎರಡನೆಯದು ‘ಗ್ರೇಲ್’. ನಿಧಾನ. ಮೊದಲ ಸಲ ಕೇಳಿದಾಗ ಇಲ್ಲಿ ಎದ್ದು ಕಾಫಿ ಮಾಡೋಕೆ ಹೋಗಿದ್ದೆ. ಈಗ ಇದಕ್ಕಾಗಿಯೇ ಮೊದಲ ಸೈಡ್ ಹಾಕುತ್ತೇನೆ. ‘ಬೋಟ್ಸ್’ ಎರಡು ನಿಮಿಷವೂ ಇಲ್ಲ, ಬಂದು ಹೋಗುತ್ತದೆ. ‘ಶಿಪ್‌ರೆಕ್ಡ್ ಸೋಲ್ಜರ್’ನಲ್ಲಿ ಡ್ರಮ್ಸ್ ಕೇಳಿ. ಸಿಪಾಯಿಗಳ ನಡಿಗೆ ಥರದ ತಾಳ, ಆದರೆ ಗಟ್ಟಿ ಹೊಡೆತ ಅಲ್ಲ. ಪಿಕ್ ವಿದರ್ಸ್ ಕೈ ಎಷ್ಟು ಹಗುರ ಅಂತ ಗೊತ್ತಾಗೋದು ಇಲ್ಲೇ.

ಎರಡನೇ ಸೈಡಿನ ಮೊದಲ ಹಾಡು ‘ಗೋಲ್ಡನ್ ಫ್ಲೀಸ್’, ಆಲ್ಬಮ್ಮಿನಲ್ಲೇ ಉದ್ದದ್ದು, ಹತ್ತಿರ ಹತ್ತಿರ ಏಳು ನಿಮಿಷ. ನನ್ನ ಮಟ್ಟಿಗೆ ಕಿರೀಟ ಇದಕ್ಕೆ. ಒಂದು ಭಾನುವಾರ ಬೆಳಗ್ಗೆ ಇದನ್ನು ಹಾಕಿದ್ದೆ, ಅಮ್ಮ ಹೂ ಕಟ್ಟುತ್ತಾ ಕೂತಿದ್ದರು. ಮೆಲೋಟ್ರಾನ್ ಏರುತ್ತಾ ಬಂದಾಗ ದಾರ ಹಲ್ಲಲ್ಲಿ ಹಿಡಿದುಕೊಂಡೇ ತಲೆ ಎತ್ತಿ, “ಇದೇನೋ ಉತ್ಸವ ಮೂರ್ತಿ ಬೀದಿಗೆ ಬಂದ ಹಾಗಿದೆಯಲ್ಲೋ” ಅಂದರು. ಈ ಹಾಡಿನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿಲ್ಲ.

‘ಇನ್‌ಸೈಡ್ ಔಟ್’ ಸ್ವಲ್ಪ ಒರಟು, ಗಿಟಾರಿಗೆ ಜಾಗ ಸಿಗೋದು ಇದರಲ್ಲಿ. ‘ಸಾಂಗ್ ಟು ಆಬ್ಸೆಂಟ್ ಫ್ರೆಂಡ್ಸ್’ ಪಿಯಾನೋ ಜೊತೆ ಹಾಡಿದ ಚಿಕ್ಕ ಹಾಡು. ಕೊನೆಗೆ ‘ಗೇಜಿಂಗ್’, ಆರು ನಿಮಿಷದಷ್ಟು. ಮುಗಿಯುವ ರೀತಿ ಚೆನ್ನಾಗಿದೆ, ಇನ್ನೂ ಬೇಕಿತ್ತು ಅನ್ನೋ ಹೊತ್ತಿಗೆ ಸೂಜಿ ಎದ್ದುಬಿಡುತ್ತದೆ.

ಸಾಹಿತ್ಯದ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಸಿಪಾಯಿ, ಕೈದಿ, ಹಡಗು, ಪುರಾಣದ ಚಿನ್ನದ ಉಣ್ಣೆ. ಆ ಕಾಲದ ಇಂಗ್ಲಿಷ್ ಹುಡುಗರು ಬರೆಯುತ್ತಿದ್ದದ್ದೇ.

ಒಂದೇ ಹಾಡು ಕೇಳಿ ತೀರ್ಮಾನ ಮಾಡಬೇಕು ಅಂದರೆ?

‘ಗೋಲ್ಡನ್ ಫ್ಲೀಸ್’. ಅದು ಹಿಡಿಸದಿದ್ದರೆ ದುಡ್ಡು ಉಳಿಯಿತು ಅಂದುಕೊಳ್ಳಿ.

ಕವರ್ ಬಗ್ಗೆ ಅಷ್ಟೊಂದು ಯಾಕೆ ಮಾತಾಡುತ್ತಾರೆ?

ಕೈಯಲ್ಲಿ ಹಿಡಿದವರಿಗೆ ಗೊತ್ತು. ಮಾಮೂಲಿ ಡಬಲ್ ಕವರ್ ಪುಸ್ತಕದ ಥರ ಎರಡಾಗಿ ತೆರೆಯುತ್ತದೆ. ಇದು ಮೂರಾಗಿ ತೆರೆಯುತ್ತದೆ. ಮೂರು ಮಡಿಕೆ ಬಿಚ್ಚಿ ನೆಲದ ಮೇಲೆ ಹಾಸಿದರೆ ಹತ್ತಿರ ಹತ್ತಿರ ಮೂರಡಿ ಅಗಲ ಆಗುತ್ತದೆ. ತೊರೆಯ ಅಂಚಿನಲ್ಲಿ ಹಳೇ ಕಾಲದ ಕೆಂಪು ಸಮವಸ್ತ್ರದ ಸಿಪಾಯಿ ಬಿದ್ದಿದ್ದಾನೆ. ಸುತ್ತ ಗಿಡಮರ, ನೀರು. ತಂಡದ ಹೆಸರು ವಸಂತ ಅಂತಲೂ ಆಗುತ್ತದೆ, ಒರತೆ ಅಂತಲೂ ಆಗುತ್ತದೆ, ಚಿತ್ರ ಮಾತ್ರ ಸಾವಿನದು. ಆ ವಿರೋಧ ಬೇಕಂತಲೇ ಮಾಡಿದ್ದು ಅಂತ ನನ್ನ ಗುಮಾನಿ.

ತೆಗೆದವರು ಕೀಫ್ ಅನ್ನೋ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದ ಫೋಟೋಗ್ರಾಫರ್. ಬ್ಲ್ಯಾಕ್ ಸ್ಯಾಬತ್ ತಂಡದ ಮೊದಲ ಆಲ್ಬಂ ಕವರ್ ನೆನಪಿದೆಯಲ್ಲ, ಹಳೇ ಗಿರಣಿ ಮುಂದೆ ಕಪ್ಪು ಬಟ್ಟೆಯ ಹೆಂಗಸು ನಿಂತಿರೋದು? ಅದೂ ಇವರದೇ. ಆ ಎರಡು ಮೂರು ವರ್ಷ ಇಂಗ್ಲೆಂಡಿನ ಪ್ರೋಗ್ ರೆಕಾರ್ಡುಗಳಿಗೆ ಇವರು ತೆಗೆದ ಕವರುಗಳನ್ನೇ ಬೇರೆಯಾಗಿ ಸಂಗ್ರಹಿಸುವ ಜನ ಇದ್ದಾರೆ. ಬಣ್ಣ ಒಂಥರಾ ಜ್ವರ ಬಂದ ಹಾಗಿರುತ್ತದೆ. ಹಾಗಾಗಿ ಸಂಗೀತ ಕೇಳದವರೂ ಈ ಎಲ್‌ಪಿ ಬೆನ್ನು ಹತ್ತುತ್ತಾರೆ, ಬೆಲೆ ಏರೋದಕ್ಕೆ ಅದೂ ಒಂದು ಕಾರಣ.

ಇಷ್ಟು ಚೆನ್ನಾಗಿದ್ದರೆ ಆಗ ಯಾಕೆ ಓಡಲಿಲ್ಲ?

1971ನೇ ಇಸವಿ ನೆನಪಿಸಿಕೊಳ್ಳಿ. ಅಂಗಡಿ ತುಂಬಾ ಇದೇ ಬಗೆಯ ರೆಕಾರ್ಡು. ಒಂದೊಂದು ದೊಡ್ಡ ಕಂಪನಿಯೂ ಪ್ರೋಗ್‌ಗೆ ಅಂತ ಒಂದೊಂದು ಮರಿ ಲೇಬಲ್ ಇಟ್ಟುಕೊಂಡಿತ್ತು. ಫಿಲಿಪ್ಸ್‌ಗೆ ವರ್ಟಿಗೊ, ಇಎಂಐಗೆ ಹಾರ್ವೆಸ್ಟ್, ಡೆಕ್ಕಾಗೆ ಡೆರಮ್, ಆರ್‌ಸಿಎಗೆ ನಿಯಾನ್. ಉಳಿದವು ಇನ್ನಷ್ಟು ಕಾಲ ನಡೆದವು, ನಿಯಾನ್ 11 ರೆಕಾರ್ಡಿಗೆ ಬಾಗಿಲು ಹಾಕಿತು. ಮಾರಬೇಕಾದ ಲೇಬಲ್ಲೇ ಹೋದಮೇಲೆ ಲೆಸ್ಟರಿನ ಐದು ಹುಡುಗರ ಹೆಸರು ಯಾರು ಹೇಳುತ್ತಾರೆ? ಕಡಿಮೆ ಮಾರಾಟ ಆಯಿತು, ಅದಕ್ಕೇ ಇವತ್ತು ಕಡಿಮೆ ಪ್ರತಿ ಸಿಗುತ್ತವೆ. ಅಪರೂಪ ಅನ್ನೋದರ ಹಿಂದೆ ಬಹಳಷ್ಟು ಸಲ ಇಷ್ಟೇ ಇರೋದು.

ಇದರ ಡ್ರಮ್ಮರ್ ಡೈರ್ ಸ್ಟ್ರೇಟ್ಸ್ ತಂಡದವರು ಅಂತಾರಲ್ಲ, ನಿಜಾನಾ?

ನಿಜ. ಪಿಕ್ ವಿದರ್ಸ್ ಅದೇ ಮನುಷ್ಯ. ಸ್ಪ್ರಿಂಗ್ ಮುರಿದ ಮೇಲೆ ರಾಕ್‌ಫೀಲ್ಡಿನಲ್ಲೇ ಸೆಷನ್ ಡ್ರಮ್ಮರ್ (ಬೇರೆಯವರ ರೆಕಾರ್ಡಿಂಗಿಗೆ ನುಡಿಸುವವರು) ಆಗಿದ್ದರು. ಆಮೇಲೆ ಡೈರ್ ಸ್ಟ್ರೇಟ್ಸ್ ಮೊದಲ ನಾಲ್ಕು ಆಲ್ಬಂ ಇವರದೇ ಡ್ರಮ್ಸ್. ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನ ತಾಳ ಕೇಳಿ, ತಕ್ಷಣ ‘ಶಿಪ್‌ರೆಕ್ಡ್ ಸೋಲ್ಜರ್’ ಕೇಳಿ. ಅದೇ ಹಗುರ ಕೈ.

ಪ್ಯಾಟ್ ಮೊರಾನ್ ಕಥೆ ನನಗೆ ಇನ್ನೂ ಇಷ್ಟ. ಹಾಡೋದು ಬಿಟ್ಟು ಅದೇ ರಾಕ್‌ಫೀಲ್ಡಿನಲ್ಲಿ ಸೌಂಡ್ ಇಂಜಿನಿಯರ್ ಆದರು. ರಶ್ ತಂಡ 1977ರಲ್ಲಿ ‘ಎ ಫೇರ್‌ವೆಲ್ ಟು ಕಿಂಗ್ಸ್’ ಮಾಡೋಕೆ ಅಲ್ಲಿಗೆ ಬಂದಾಗ ಇಂಜಿನಿಯರ್ ಕುರ್ಚಿಯಲ್ಲಿ ಇವರಿದ್ದರು. ಮುಂದೆ ರಾಬರ್ಟ್ ಪ್ಲಾಂಟ್ ಸೋಲೋ ಆಲ್ಬಮ್ಮುಗಳಲ್ಲೂ ಕೆಲಸ ಮಾಡಿದರು. ವ್ಯಾನ್ ಕೆಟ್ಟು ಸಿಕ್ಕಿದ ಜಾಗದಲ್ಲೇ ಇಬ್ಬರು ಹೊಟ್ಟೆಪಾಡು ಕಂಡುಕೊಂಡರು ನೋಡಿ.

ಎರಡನೇ ಆಲ್ಬಂ ಇದೆ ಅಂತ ಕೇಳಿದ್ದೇನೆ.

ಶುರು ಮಾಡಿದ್ದರು, ಮುಗಿಯಲಿಲ್ಲ. 1972ರ ಹೊತ್ತಿಗೆ ತಂಡ ಚದುರಿತು. ಆ ಕೆಲಸದಲ್ಲಿ ಉಳಿದ ಮೂರು ಹಾಡು 1992ರಲ್ಲಿ ಲೇಸರ್ಸ್ ಎಡ್ಜ್ ಅನ್ನೋ ಅಮೆರಿಕದ ಕಂಪನಿ ತಂದ ಸಿಡಿಯಲ್ಲಿ ಸೇರಿಕೊಂಡವು: ‘ಫೂಲ್ಸ್ ಗೋಲ್ಡ್’, ‘ಹೆಂಡ್ರೆ ಮ್ಯೂಸ್’, ‘ಎ ವರ್ಡ್ ಫುಲ್ ಆಫ್ ವಿಸ್ಪರ್ಸ್’. ಇದರಲ್ಲಿ ಮೆಲೋಟ್ರಾನ್ ಕಡಿಮೆ, ಗಿಟಾರ್ ಜಾಸ್ತಿ. ಕೆಟ್ಟದಾಗೇನಿಲ್ಲ. ಆದರೆ ಮೊದಲನೆಯದರ ಮಾಯೆ ಇಲ್ಲ ಅಂತ ಹೇಳದೇ ಇರೋಕಾಗಲ್ಲ.

ಒರಿಜಿನಲ್ ಎಲ್‌ಪಿಗೆ ಎಷ್ಟಾಗುತ್ತದೆ?

ಒಳ್ಳೇ ಸ್ಥಿತಿಯಲ್ಲಿರೋ ಬ್ರಿಟಿಷ್ ಒರಿಜಿನಲ್ಲಿಗೆ ನೂರಾರು ಪೌಂಡ್. ಸರಿಯಾದ ಸಂಖ್ಯೆ ನಾನು ಬರೆದರೆ ನೀವು ಓದುವ ಹೊತ್ತಿಗೆ ಸುಳ್ಳಾಗಿರುತ್ತದೆ. ಡಿಸ್ಕಾಗ್ಸ್ ಅನ್ನೋ ರೆಕಾರ್ಡ್ ವೆಬ್‌ಸೈಟಿನಲ್ಲಿ ಈಗಾಗಲೇ ಮಾರಾಟವಾದ ಬೆಲೆಗಳ ಪಟ್ಟಿ ಇರುತ್ತದೆ, ಅದನ್ನು ನೋಡಿ. ಮಾರುವವರು ಕೇಳುತ್ತಿರೋ ಬೆಲೆ ನೋಡಬೇಡಿ. ಕೇಳೋದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಅದರ ಮೇಲೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎಲ್ಲಾ ಸೇರಿಸಿಕೊಂಡು ಲೆಕ್ಕ ಹಾಕಿ. ರೆಕಾರ್ಡಿಗೆ ದುಡ್ಡು ಕೂಡಿಸಿ, ಸುಂಕಕ್ಕೆ ಸಾಲ ಮಾಡಿದವರನ್ನು ನಾನು ಬಲ್ಲೆ. ಬಲ್ಲೆ ಏನು, ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

ಒರಿಜಿನಲ್ ಅಂತ ಗೊತ್ತಾಗೋದು ಹೇಗೆ?

ಮೊದಲು ಕವರ್. ಮೂರು ಮಡಿಕೆ ಇರಲೇಬೇಕು. ರೆಕಾರ್ಡಿನ ನಡುವಿನ ಕಾಗದದ ಲೇಬಲ್ಲಿನ ಮೇಲೆ ನಿಯಾನ್ ಹೆಸರು, ಎನ್‌ಇ 6 ನಂಬರ್. ಆಮೇಲೆ ರೆಕಾರ್ಡನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು, ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗ ನೋಡಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಕೊರೆದಿರೋ ಸಂಖ್ಯೆ ಇರುತ್ತದೆ. ಆ ಕೊರೆತದ ಫೋಟೋ ಕಳಿಸಿ ಅಂತ ಮಾರುವವರನ್ನು ಕೇಳಿ, ಡಿಸ್ಕಾಗ್ಸ್‌ನಲ್ಲಿರೋ ವಿವರಕ್ಕೆ ಹೋಲಿಸಿ. ಫೋಟೋ ಕಳಿಸೋಕೆ ಸಬೂಬು ಹೇಳಿದರೆ ಅಲ್ಲಿಗೆ ಕೈಬಿಡಿ. ಹೊಸದಾಗಿ ಅಚ್ಚು ಹಾಕಿದ ಕವರುಗಳಲ್ಲಿ ಸಾಮಾನ್ಯವಾಗಿ ಫೋಟೋ ಮಸುಕಾಗಿರುತ್ತದೆ, ಯಾಕಂದರೆ ಅದು ಫೋಟೋದಿಂದ ತೆಗೆದ ಫೋಟೋ.

ವಿಜಿ ಪ್ಲಸ್, ನಿಯರ್ ಮಿಂಟ್, ಇವೆಲ್ಲ ಏನು? ನಂಬಬಹುದಾ?

ಸ್ಥಿತಿ ಹೇಳುವ ದರ್ಜೆಗಳು. ಮಿಂಟ್ ಅಂದರೆ ಹೊಸದು. ನಿಯರ್ ಮಿಂಟ್ ಅಂದರೆ ಹೊಸದರ ಹಾಗೆ. ವಿಜಿ ಪ್ಲಸ್ ಅಂದರೆ ಬಳಸಿದ್ದು, ಆದರೆ ಕೇಳೋಕೆ ತೊಂದರೆ ಇಲ್ಲ. ಬರೀ ವಿಜಿ ಅಂದರೆ ಹೆಸರಿಗೆ ‘ಬಹಳ ಚೆನ್ನಾಗಿದೆ’, ಕೇಳಿದರೆ ಒಗ್ಗರಣೆ ಸಿಡಿದ ಹಾಗೆ. ಜಿ ಅಂದರೆ ಗೋಡೆಗೆ ನೇತುಹಾಕಿ.

ನನ್ನದೇ ಕಥೆ ಕೇಳಿ. ವರ್ಷಗಟ್ಟಲೆ ಕಾದು, ಹೊರದೇಶದ ಒಬ್ಬ ಮಾರಾಟಗಾರರಿಂದ ಒರಿಜಿನಲ್ ತರಿಸಿದೆ. ರೆಕಾರ್ಡೂ ಕವರೂ ವಿಜಿ ಪ್ಲಸ್ ಅಂತ ಬರೆದಿತ್ತು. ಫೋಟೋದಲ್ಲಿ ಕವರ್ ಮಡಚಿಟ್ಟಿದ್ದರು, ನಾನೂ ಬಿಚ್ಚಿ ತೋರಿಸಿ ಅಂತ ಕೇಳಲಿಲ್ಲ. ಆತುರ. ಪಾರ್ಸೆಲ್ ಬಂದ ದಿನ ಕೈ ತೊಳೆದು, ನೆಲದ ಮೇಲೆ ಬಟ್ಟೆ ಹಾಸಿ, ದೇವರ ಪಟ ಬಿಚ್ಚಿದ ಹಾಗೆ ಬಿಚ್ಚಿದೆ. ಒಂದನೇ ಮಡಿಕೆ ಸರಿ. ಎರಡನೆಯದೂ ಸರಿ. ಮೂರನೆಯದು ಹರಿದು ಬೇರೆಯಾಗಿದ್ದನ್ನು ಒಳಗಡೆಯಿಂದ ಸೆಲ್ಲೋಟೇಪ್ ಹಚ್ಚಿ ಕೂರಿಸಿದ್ದರು. ಟೇಪು ಹಳೇದಾಗಿ, ಹಳದಿ ಅಂಟು ಚಿತ್ರದ ಮೇಲೆ ಇಳಿದಿತ್ತು. ರೆಕಾರ್ಡ್ ಹಾಕಿದೆ. ಮೊದಲ ಸೈಡ್ ಚೆನ್ನಾಗಿತ್ತು. ಎರಡನೇ ಸೈಡಿನಲ್ಲಿ ‘ಇನ್‌ಸೈಡ್ ಔಟ್’ ನಡುವೆ ಸೂಜಿ ಸಿಕ್ಕಿಕೊಂಡು ಒಂದೇ ಸಾಲು ಹೊಡೆಯತೊಡಗಿತು. ದೂರು ಕೊಟ್ಟೆ, ವಾಪಸ್ ಕಳಿಸಿ ಅಂದರು, ವಾಪಸ್ ಕಳಿಸೋ ಖರ್ಚು ನನ್ನದೇ ಅಂದರು. ಲೆಕ್ಕ ಹಾಕಿ ಸುಮ್ನಾದೆ. ಈಗಲೂ ಆ ಹಾಡು ಬಂದಾಗ ಎದ್ದು ಹೋಗಿ, ಸರಿಯಾಗಿ ಆ ಜಾಗದಲ್ಲಿ ಸೂಜಿಯ ತೋಳನ್ನು ಬೆರಳ ತುದಿಯಲ್ಲಿ ಒಂಚೂರು ತಳ್ಳುತ್ತೇನೆ. ಅಭ್ಯಾಸ ಆಗಿಬಿಟ್ಟಿದೆ. ಸಿಡಿಯಲ್ಲಿ ಆ ಹಾಡು ನಿಲ್ಲದೆ ಹೋದರೆ ಏನೋ ತಪ್ಪಿದ ಹಾಗೆ ಅನಿಸುತ್ತದೆ.

ಹಾಗಾಗಿ ಮೂರೂ ಮಡಿಕೆಯ ಎರಡೂ ಬದಿಯ ಫೋಟೋ ಕೇಳಿ. ಎರಡೂ ಸೈಡ್ ಹಾಕಿ ಕೇಳಿದ್ದೀರಾ ಅಥವಾ ಬರೀ ಕಣ್ಣಲ್ಲಿ ನೋಡಿ ದರ್ಜೆ ಕೊಟ್ಟಿದ್ದೀರಾ ಅಂತ ಕೇಳಿ. ಈ ಎರಡನೇ ಪ್ರಶ್ನೆ ಕೇಳಿದಾಗ ಬಹಳ ಜನ ಬೆಲೆ ಇಳಿಸುತ್ತಾರೆ.

ಇಷ್ಟೆಲ್ಲಾ ರಗಳೆ ಯಾಕೆ, ಸಿಡಿ ಸಾಲದಾ?

ಕೇಳೋದಕ್ಕೆ ಧಾರಾಳವಾಗಿ ಸಾಕು. ಲೇಸರ್ಸ್ ಎಡ್ಜ್ ಸಿಡಿ ಇದೆ, ಆಮೇಲೆ ಇಂಗ್ಲೆಂಡಿನ ಎಸೊಟೆರಿಕ್ ಕಂಪನಿಯವರು ಎರಡು ಸಿಡಿಯ ಆವೃತ್ತಿ ತಂದರು. ಮೊದಲು ಅದರಲ್ಲಿ ಒಂದು ತಿಂಗಳು ಕೇಳಿ. ತಿಂಗಳಾದ ಮೇಲೂ ಕೈ ಅದೇ ಸಿಡಿಗೆ ಹೋಗುತ್ತಿದ್ದರೆ ಎಲ್‌ಪಿ ಬಗ್ಗೆ ಯೋಚಿಸಿ. ಇದು ಮುಂದೆ ಬೆಲೆ ಏರುತ್ತದೆ ಅಂತ ಲೆಕ್ಕ ಹಾಕಿ ಕೊಳ್ಳೋದಾದರೆ ಅದಕ್ಕಿಂತ ಚಿನ್ನದ ಅಂಗಡಿಗೆ ಹೋಗೋದು ವಾಸಿ. ಚಿನ್ನಕ್ಕೆ ಸೆಲ್ಲೋಟೇಪ್ ಹಚ್ಚೋರಿಲ್ಲ.

ಬೆಂಗಳೂರಲ್ಲಿ ಸಿಗುತ್ತಾ? ಹಳೇ ರೆಕಾರ್ಡ್ ಅಂಗಡಿ, ಸಂಡೆ ಬಜಾರು?

ನಾನು ಹುಡುಕಿದ ಇಷ್ಟು ವರ್ಷದಲ್ಲಿ ಒಂದೂ ಕಂಡಿಲ್ಲ. ಅಲ್ಲಿ ಸಿಗೋದು ಕನ್ನಡ, ಹಿಂದಿ ಸಿನಿಮಾ ಹಾಡುಗಳ ಎಲ್‌ಪಿ, ಭಕ್ತಿಗೀತೆ, ಮತ್ತು ಕಲ್ಕತ್ತಾದ ಡಮ್ ಡಮ್‌ನಲ್ಲಿ ಅಚ್ಚಾದ ಬೀಟಲ್ಸ್ ಥರದ್ದು. ಇಂಥದ್ದು ಬರಬೇಕಾದರೆ 70ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಯಾರಾದರೂ ತಂದು, ಈಗ ಅವರ ಮನೆಯವರು ಅಟ್ಟ ಖಾಲಿ ಮಾಡಬೇಕು. ಅಂಥ ಅಟ್ಟ ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ನನಗೆ ಹೇಳಿ.

ಮಳೆಗಾಲದಲ್ಲಿ ಬೂಷ್ಟು ಬರುತ್ತಲ್ಲ, ಏನು ಮಾಡೋದು?

ಮಲೆನಾಡು, ಕರಾವಳಿಯವರು ಇದನ್ನೇ ಮೊದಲು ಕೇಳುತ್ತಾರೆ. ವಿನೈಲಿಗೆ ಬೂಷ್ಟು ಹಿಡಿದರೆ ಬಿಳಿ ಚುಕ್ಕೆ ಥರ ಕಾಣುತ್ತದೆ, ತೊಳೆದರೆ ಬಹುತೇಕ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಬ್ಯಾಟರಿಗೆ ಹಾಕೋಕೆ ಮಾರುತ್ತಾರಲ್ಲ ಅದೇ. ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಗಳು ಹೋದ ದಿಕ್ಕಿನಲ್ಲೇ, ಅಂದರೆ ಸುತ್ತಲೂ, ಒರೆಸಿ. ಅಡ್ಡ ಉಜ್ಜಬೇಡಿ. ನಡುವಿನ ಕಾಗದದ ಲೇಬಲ್ಲಿಗೆ ನೀರು ತಾಗಬಾರದು. ಮತ್ತೆ ಬರೀ ಡಿಸ್ಟಿಲ್ಡ್ ನೀರಲ್ಲಿ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಕೆಲವರು ಸ್ಪಿರಿಟ್ ಹಾಕುತ್ತಾರೆ. ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟಿಗೆ ಮಾತ್ರ ಅದನ್ನು ಹಾಕಲೇಬೇಡಿ, ಅದು ಅರಗಿನದು, ಕರಗುತ್ತದೆ.

ಕವರಿಗೆ ಬೂಷ್ಟು ಬಂದರೆ ಕಷ್ಟ. ಈ ಆಲ್ಬಮ್ಮಿನದು ಮೂರು ಮಡಿಕೆ ಆದ್ದರಿಂದ ನಡುವೆ ತೇವ ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಒಣ ದಿನ ನೋಡಿ ಬಿಚ್ಚಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ, ಹೊರಗೋಡೆಗೆ ಕಪಾಟು ತಾಗಿಸಬೇಡಿ. ಸಿಲಿಕಾ ಜೆಲ್ ಪೊಟ್ಟಣ ಎರಡು ಮೂರು ಹಾಕಿಡಿ.

ಇದು ಇಷ್ಟ ಆಯಿತು. ಮುಂದೆ ಏನು ಕೇಳಲಿ?

ಕ್ರೆಸಿಡಾ ತಂಡದ ‘ಅಸೈಲಮ್’, 1971. ಅದರ ಕವರೂ ಕೀಫ್ ತೆಗೆದದ್ದೇ. ಅಲ್ಲಿ ಆರ್ಗನ್ ರಾಜ. ಮೆಲೋಟ್ರಾನ್ ಬೇಕು ಅಂದರೆ ಬೆಗರ್ಸ್ ಆಪೆರಾ ತಂಡದ ‘ವಾಟರ್ಸ್ ಆಫ್ ಚೇಂಜ್’, ಅದೂ 1971. ಇನ್ನೂ ಮೆತ್ತಗಿನದ್ದು ಬೇಕಾದರೆ 1973ರಲ್ಲಿ ಬಂದ ಫ್ಯಾಂಟಸಿ ತಂಡದ ‘ಪೇಂಟ್ ಎ ಪಿಕ್ಚರ್’. ನಿಯಾನ್ ಲೇಬಲ್ಲಿನಲ್ಲೇ ಇರಬೇಕು ಅಂದರೆ ಇಂಡಿಯನ್ ಸಮ್ಮರ್ ಅನ್ನೋ ತಂಡದ ಒಂದೇ ಆಲ್ಬಂ ಇದೆ. ಹೆಸರಿಗೂ ನಮ್ಮ ದೇಶಕ್ಕೂ ಏನೂ ಸಂಬಂಧ ಇಲ್ಲ, ಅವರು ಇಂಗ್ಲೆಂಡಿನ ಕೊವೆಂಟ್ರಿಯವರು.

ಹುಡುಕಿದರೆ ಇಬ್ಬರು ಹೆಂಗಸರ ತಂಡದ ಆಲ್ಬಂ ಬರುತ್ತಿದೆಯಲ್ಲ?

ಅದು ಬೇರೆ ಸ್ಪ್ರಿಂಗ್. ಅಮೆರಿಕದ್ದು, 1972ರದ್ದು. ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ಅವರ ಆಗಿನ ಹೆಂಡತಿ ಮ್ಯಾರಿಲಿನ್ ಮತ್ತು ಆಕೆಯ ಅಕ್ಕ ಡಯಾನ್ ಹಾಡಿದ್ದು. ನಮ್ಮ ಲೆಸ್ಟರ್ ಹುಡುಗರು ಆಗಲೇ ಈ ಹೆಸರು ಇಟ್ಟುಕೊಂಡಿದ್ದರಿಂದ ಇಂಗ್ಲೆಂಡಿನಲ್ಲಿ ಆ ಜೋಡಿ ಅಮೆರಿಕನ್ ಸ್ಪ್ರಿಂಗ್ ಅಂತ ಹೆಸರು ಬದಲಿಸಿಕೊಳ್ಳಬೇಕಾಯಿತು. ಅದೂ ಒಳ್ಳೇ ರೆಕಾರ್ಡೇ, ಆದರೆ ಮೆಲೋಟ್ರಾನ್ ಆಸೆಯಿಂದ ತರಿಸಿಬಿಟ್ಟೀರಿ. ಹುಡುಕುವಾಗ ತಂಡದ ಹೆಸರಿನ ಜೊತೆ ನಿಯಾನ್ ಅಂತ ಸೇರಿಸಿ, ಅಥವಾ ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಎನ್‌ಇ 6, ಅದನ್ನೇ ಹಾಕಿ.